ಸೌದೆ ಕೊಯ್ಯಲು ಚೈನ್‌ಸಾ ಕೊಳ್ಳುತ್ತಿದ್ದೀರಾ? ಅಂಗಡಿಗೆ ಹೋಗುವ ಮುನ್ನ ಈ ಏಳು ಫಾರ್ವರ್ಡ್‌ಗಳ ಸತ್ಯ ತಿಳಿಯಿರಿ

"ಮನೆಯಲ್ಲಿರೋ ಗ್ರೈಂಡರ್‌ಗೆ ಈ ಒಂದು ಡಿಸ್ಕ್ ಹಾಕಿ, ಐದೇ ನಿಮಿಷದಲ್ಲಿ ಇಡೀ ಮರ ಪೀಸ್ ಪೀಸ್! ಎಲ್ಲ ರೈತರಿಗೂ ತಲುಪಿಸಿ." ಇಂಥ ಒಂದು ವಿಡಿಯೋ ನಿಮ್ಮ ಊರಿನ ಗ್ರೂಪಿಗೂ ಬಂದಿರಬಹುದು. ಮಾಗಡಿ ಕಡೆಯ ಓದುಗರೊಬ್ಬರು ಇದನ್ನು ನಮಗೆ ಕಳಿಸಿ ಹೀಗೆ ಕೇಳಿದ್ದಾರೆ: "ಹಂಡೆ ಒಲೆಗೆ ಸೌದೆ ಮಾಡಿಸಲು ಆಳು ಸಿಗುತ್ತಿಲ್ಲ. ಮಳೆ ಗಾಳಿಗೆ ತೋಟದಲ್ಲಿ ಒಂದು ಮಾವಿನ ಮರ ಬಿದ್ದಿದೆ. ಈ ಡಿಸ್ಕ್ ತಗೊಂಡರೆ ಸಾಕಾ, ಇಲ್ಲ ಹೊಸ ಮಿಷನ್ನೇ ಬೇಕಾ? ಬೇಕಾದರೆ ಯಾವುದು?"

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗದಲ್ಲಿ ಗ್ಯಾಸ್ ಸಿಲಿಂಡರ್ ಇರುವ ಮನೆಗಳಲ್ಲೂ ಸ್ನಾನದ ನೀರಿಗೆ ಹಂಡೆ ಒಲೆ ಉರಿಯುತ್ತದೆ, ಹಬ್ಬ ಹರಿದಿನಕ್ಕೆ ಹಿತ್ತಲಲ್ಲಿ ಸೌದೆ ಒಲೆ ಹೂಡುತ್ತಾರೆ. ಸೌದೆಗೂ ಬರವಿಲ್ಲ. ಮಾವಿನ ತೋಟ, ಬದುವಿನ ಸಿಲ್ವರ್ ಓಕ್, ನೀಲಗಿರಿ, ಹಳೆಯ ತೆಂಗು, ಹುಣಸೆ ಎಲ್ಲವೂ ಇವೆ. ಇಲ್ಲದಿರುವುದು ಕೊಡಲಿ ಹಿಡಿಯುವ ಆಳು ಮಾತ್ರ. ಹಾಗಾಗಿ ಮರ ಕೊಯ್ಯುವ ಮಿಷನ್ ಬಗ್ಗೆ ಫಾರ್ವರ್ಡ್‌ಗಳೂ ಹೆಚ್ಚಾಗಿವೆ. ಇಲ್ಲಿ ತಪ್ಪು ಆಯ್ಕೆ ಮಾಡಿದರೆ ಹೋಗುವುದು ದುಡ್ಡು ಮಾತ್ರವಲ್ಲ, ಬೆರಳೂ ಹೋಗಬಹುದು. ಆದ್ದರಿಂದ ಒಂದೊಂದನ್ನೇ ನೋಡೋಣ.

ಫಾರ್ವರ್ಡ್ 1: "ಗ್ರೈಂಡರ್‌ಗೆ ಚೈನ್ ಡಿಸ್ಕ್ ಹಾಕಿದರೆ ಚೈನ್‌ಸಾ ಬೇಕಿಲ್ಲ"

ನಮ್ಮ ತೀರ್ಪು: ತಪ್ಪು, ಅಪಾಯಕಾರಿ.

ಕಬ್ಬಿಣ, ಟೈಲ್ಸ್ ಕತ್ತರಿಸುವ 4 ಇಂಚಿನ ಆಂಗಲ್ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದಕ್ಕೆ 4 ಇಂಚಿನ ಚೈನ್ ಡಿಸ್ಕ್ ಹಾಕಿದರೆ ಅಂಚಿನ ಹಲ್ಲುಗಳು ಗಂಟೆಗೆ 200 ಕಿ.ಮೀ. ವೇಗದಲ್ಲಿ ಓಡುತ್ತವೆ. ನಿಜವಾದ ಚೈನ್‌ಸಾದ ಸರಪಳಿ ಓಡುವುದು ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ. ಅಂದರೆ ಅಂಥದ್ದೇ ಹಲ್ಲು ಇಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು ವೇಗದಲ್ಲಿ ತಿರುಗುತ್ತಿರುತ್ತದೆ.

ಕಬ್ಬಿಣ ಕತ್ತರಿಸುವ ಡಿಸ್ಕ್ ಸ್ವಲ್ಪ ಸ್ವಲ್ಪವೇ ಉಜ್ಜಿ ತೆಗೆಯುತ್ತದೆ. ಚೈನಿನ ಹಲ್ಲು ಮರವನ್ನು ಕಚ್ಚಿ ಹಿಡಿಯುತ್ತದೆ. ಮರದ ಗಂಟಿಗೆ ಹಲ್ಲು ಸಿಕ್ಕಿಕೊಂಡ ಆ ಕ್ಷಣದಲ್ಲಿ ಮಿಷನ್ ಕೈಯಿಂದ ಕಿತ್ತುಕೊಂಡು ಹಾರುತ್ತದೆ. ಡಿಸ್ಕ್ ಹಾಕಲು ಗಾರ್ಡ್ ತೆಗೆದಿರುತ್ತೀರಿ. ಹಲವು ಗ್ರೈಂಡರ್‌ಗಳ ಸ್ವಿಚ್ಚು ಆನ್ ಸ್ಥಿತಿಯಲ್ಲೇ ಲಾಕ್ ಆಗಿರುತ್ತದೆ, ಕೈ ಬಿಟ್ಟರೂ ನಿಲ್ಲುವುದಿಲ್ಲ. ಹಾರಿದ ಮಿಷನ್ ಮೊದಲು ಸಿಗುವುದು ಎಡಗೈ, ಕುತ್ತಿಗೆ ಇಲ್ಲವೇ ತೊಡೆಗೆ.

ಗ್ರೈಂಡರ್‌ಗೆ ಸಿಕ್ಕಿಸುವ ಬಾರ್ ಮತ್ತು ಚೈನ್ ಸೆಟ್ ಕೂಡ ಮಾರುಕಟ್ಟೆಯಲ್ಲಿದೆ. ಅದರಲ್ಲಿ ಚೈನಿನ ವೇಗ ಅಷ್ಟು ವಿಪರೀತವಲ್ಲ ನಿಜ. ಆದರೆ ಅದಕ್ಕೂ ಚೈನ್ ಬ್ರೇಕ್ ಇರುವುದಿಲ್ಲ, ತಾನಾಗಿಯೇ ಎಣ್ಣೆ ಬೀಳುವ ವ್ಯವಸ್ಥೆಯೂ ಸಾಮಾನ್ಯವಾಗಿ ಇರುವುದಿಲ್ಲ. ಎರಡೂ ಬೇಡ ಎಂಬುದೇ ನಮ್ಮ ಉತ್ತರ.

ಕಿಕ್‌ಬ್ಯಾಕ್ ಎಂದರೇನು?

ಚೈನ್‌ಸಾ ಕೊಳ್ಳುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು. ಚೈನ್ ಸುತ್ತುವ ಉದ್ದನೆಯ ಪಟ್ಟಿಗೆ ಬಾರ್ ಎನ್ನುತ್ತಾರೆ. ಅದರ ತುದಿಯ ಮೇಲ್ಭಾಗದಲ್ಲಿ ಚೈನ್ ಮುಂದಕ್ಕೆ ಹೋಗಿ ಕೆಳಕ್ಕೆ ಇಳಿಯುತ್ತಿರುತ್ತದೆ. ಆ ಜಾಗ ಇನ್ನೊಂದು ದಿಮ್ಮಿಗೋ ಕೊಂಬೆಗೋ ತಾಗಿದರೆ ಹಲ್ಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚೈನ್ ನಿಂತರೂ ಎಂಜಿನ್ನಿನ ಶಕ್ತಿ ಎಲ್ಲಾದರೂ ಹೋಗಲೇಬೇಕಲ್ಲ, ಅದು ಇಡೀ ಬಾರನ್ನು ಮೇಲಕ್ಕೆ, ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ತಿರುಗಿಸಿ ಎಸೆಯುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಿಲ್ಲ. "ನಾನು ಗಟ್ಟಿಯಾಗಿ ಹಿಡಿದಿರ್ತೀನಿ" ಎನ್ನುವವರ ಕೈಯೂ ಅಷ್ಟು ಬೇಗ ಎಚ್ಚರಗೊಳ್ಳುವುದಿಲ್ಲ.

ಅದಕ್ಕಾಗಿಯೇ ಒಳ್ಳೆಯ ಚೈನ್‌ಸಾಗಳಲ್ಲಿ ಮುಂದಿನ ಹಿಡಿಯ ಎದುರಿಗೆ ಒಂದು ಅಡ್ಡ ತಡೆ ಇರುತ್ತದೆ. ಅದೇ ಚೈನ್ ಬ್ರೇಕ್. ಬಾರ್ ಹಿಂದಕ್ಕೆ ಹಾರಿದಾಗ ಕೈ ತಾಗಿಯೋ, ಎಸೆತದ ರಭಸಕ್ಕೆ ತಾನಾಗಿಯೋ ಅದು ಬಿದ್ದು ಚೈನನ್ನು ನಿಲ್ಲಿಸುತ್ತದೆ. ಅಂಗಡಿಯಲ್ಲಿ ನೀವು ಮೊದಲು ಕೇಳಬೇಕಾದದ್ದು ಸಿಸಿ ಎಷ್ಟು ಎಂದಲ್ಲ, ಚೈನ್ ಬ್ರೇಕ್ ಕೆಲಸ ಮಾಡುತ್ತದೆಯೇ ಎಂದು.

ಫಾರ್ವರ್ಡ್ 2: "58 ಸಿಸಿ, 22 ಇಂಚು! ದೊಡ್ಡದಿದ್ದಷ್ಟೂ ಒಳ್ಳೆಯದು"

ನಮ್ಮ ತೀರ್ಪು: ಮನೆ ಸೌದೆಗೆ ನಿಜವಲ್ಲ.

ಮಿಷನ್ ನೋಡುವ ಮೊದಲು ನಿಮ್ಮ ಮರ ಅಳೆಯಿರಿ. ಮನೆ ಒಲೆಗೆ ಬರುವ ಬಹುಪಾಲು ಕೊಂಬೆ, ದಿಮ್ಮಿಗಳ ಅಡ್ಡಗಲ 6ರಿಂದ 12 ಇಂಚು. ದಿಮ್ಮಿಯ ಅಡ್ಡಗಲಕ್ಕಿಂತ ಬಾರ್ ಒಂದೆರಡು ಇಂಚು ಉದ್ದ ಇದ್ದರೆ ಸಾಕು. ಅಂದರೆ 12ರಿಂದ 16 ಇಂಚಿನ ಬಾರ್, ಪೆಟ್ರೋಲ್ ಮಿಷನ್ ಆದರೆ 30ರಿಂದ 40 ಸಿಸಿ ಎಂಜಿನ್. ಬುಡದ ದಪ್ಪ ದಿಮ್ಮಿ ಒಂದೆರಡಿದ್ದರೆ ಎರಡೂ ಕಡೆಯಿಂದ ಕೊಯ್ದು ಸೇರಿಸಬಹುದು.

22 ಇಂಚಿನ ಮಿಷನ್ ಬಾರ್, ಪೆಟ್ರೋಲ್ ಎಲ್ಲ ಸೇರಿ 7 ಕೆಜಿ ಆಸುಪಾಸು ತೂಗುತ್ತದೆ. ಅದನ್ನು ಬಗ್ಗಿ ಹಿಡಿದು ಅರ್ಧ ಗಂಟೆ ಕೆಲಸ ಮಾಡಿದರೆ ಸೊಂಟ, ತೋಳು ಸೋಲುತ್ತವೆ. ಸೋತ ಕೈಯಲ್ಲೇ ಅಪಘಾತ ಆಗುವುದು. ಬಾರ್ ಉದ್ದವಾದಷ್ಟೂ ತುದಿ ಎಲ್ಲಿದೆ ಎಂಬ ಅಂದಾಜು ತಪ್ಪುತ್ತದೆ, ಅದು ಯಾವುದಕ್ಕೋ ತಾಗುವ ಸಂಭವ ಹೆಚ್ಚುತ್ತದೆ.

ಇನ್ನೊಂದು ಮಾತು. ಹೆಸರಿಲ್ಲದ ಮಿಷನ್‌ಗಳ ಮೇಲಿನ "5800", "6200" ಎಂಬ ಅಂಕಿ ಮಾದರಿಯ ಹೆಸರು ಅಷ್ಟೆ. ಅದು ಎಂಜಿನ್ ಅಳತೆಗೆ ಖಾತ್ರಿಯಲ್ಲ. ಕೈಪಿಡಿಯಲ್ಲಿ ಸಿಸಿ ಮತ್ತು ಕಿಲೋವ್ಯಾಟ್ ಎರಡೂ ಬರೆದಿರಬೇಕು. 30ರಿಂದ 40 ಸಿಸಿಯ ಒಳ್ಳೆಯ ಮಿಷನ್ ಸುಮಾರು 1.3ರಿಂದ 2 ಕಿಲೋವ್ಯಾಟ್ ಕೊಡುತ್ತದೆ. ಕಿಲೋವ್ಯಾಟ್ ಬರೆಯದ ಮಿಷನ್ ಇದ್ದರೆ ಅನುಮಾನ ಪಡಿ.

ಫಾರ್ವರ್ಡ್ 3: "88 ವಿಎಫ್ ಬ್ಯಾಟರಿ ಮಿನಿ ಚೈನ್‌ಸಾ, ಪೆಟ್ರೋಲ್ ಖರ್ಚೇ ಇಲ್ಲ"

ನಮ್ಮ ತೀರ್ಪು: ದಾರಿ ತಪ್ಪಿಸುವಂಥದ್ದು.

"ವಿಎಫ್" ಎಂಬ ಅಳತೆಯೇ ವಿಜ್ಞಾನದಲ್ಲಿಲ್ಲ. ವೋಲ್ಟ್ ಎಂದು ಓದಿಕೊಳ್ಳಲಿ ಎಂದು ಇಟ್ಟ ಹೆಸರು ಅದು. ಇಂಥ ಪ್ಯಾಕುಗಳಲ್ಲಿ ಸಾಮಾನ್ಯವಾಗಿ ಸಾಲಿನಲ್ಲಿ ಐದು ಲಿಥಿಯಂ ಸೆಲ್ ಇರುತ್ತವೆ. ಒಂದೊಂದರದು 3.6 ವೋಲ್ಟ್, ಒಟ್ಟು 18 ವೋಲ್ಟ್.

ಲೆಕ್ಕ ನೀವೇ ಹಾಕಬಹುದು. ವೋಲ್ಟ್ ಮತ್ತು ಆಂಪ್-ಅವರ್ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 18 ವೋಲ್ಟ್, 2 ಆಂಪ್-ಅವರ್ ಎಂದರೆ 36 ವ್ಯಾಟ್-ಅವರ್. ದಿಮ್ಮಿ ಕೊಯ್ಯಲು 1,000 ವ್ಯಾಟ್ ಶಕ್ತಿ ಬೇಕೆಂದುಕೊಂಡರೆ ಈ ಬ್ಯಾಟರಿ ಎರಡು ನಿಮಿಷದಲ್ಲಿ ಖಾಲಿ. ಆದ್ದರಿಂದ 4 ಇಲ್ಲವೇ 6 ಇಂಚಿನ ಮಿನಿ ಮಿಷನ್ ಮಾವಿನ ಗಿಡ ಸವರಲು, ಮಣಿಕಟ್ಟಿನ ದಪ್ಪದ ಕೊಂಬೆ ತುಂಡು ಮಾಡಲು ಸರಿ. ವರ್ಷದ ಸೌದೆಗೆ ಅಲ್ಲ. "ಮಿನಿ" ಎಂದು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿಯುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಹಾಗೆ ಮಾಡಲೇಬೇಡಿ. ಚೈನಿಗೆ ಮರ ಯಾವುದು, ಬೆರಳು ಯಾವುದು ಗೊತ್ತಾಗುವುದಿಲ್ಲ.

ಎಲ್ಲ ಬ್ಯಾಟರಿ ಮಿಷನ್‌ಗಳೂ ಕೆಟ್ಟವು ಎಂದು ನಾವು ಹೇಳುತ್ತಿಲ್ಲ. 36 ವೋಲ್ಟ್ ಇಲ್ಲವೇ ಅದಕ್ಕಿಂತ ಹೆಚ್ಚಿನ, 12ರಿಂದ 14 ಇಂಚು ಬಾರ್ ಇರುವ ಒಳ್ಳೆಯ ಮಿಷನ್‌ಗಳಿವೆ. ಬೆಲೆ ಹೆಚ್ಚು, ಎರಡನೇ ಬ್ಯಾಟರಿಯ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಕರೆಂಟ್ ಮಿಷನ್ ಆಗುತ್ತದೆಯೇ?

ಹಿತ್ತಲಿಗೆ ತಂದು ಹಾಕಿದ ಸೌದೆಯನ್ನು ಮನೆ ಹತ್ತಿರವೇ ತುಂಡು ಮಾಡುವವರಿಗೆ ವೈರ್ ಇರುವ ಕರೆಂಟ್ ಚೈನ್‌ಸಾ ಅಗ್ಗದ, ತಲೆನೋವು ಕಡಿಮೆಯ ಆಯ್ಕೆ. ಹೊಗೆ ಇಲ್ಲ, ಕಾರ್ಬುರೇಟರ್ ರಿಪೇರಿ ಇಲ್ಲ. ಆದರೆ ಮೂರು ವಿಷಯ ಗಮನಿಸಿ.

ಒಂದು, 2,000 ವ್ಯಾಟ್ ಮಿಷನ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪ್ ಎಳೆಯುತ್ತದೆ. ಫೋನ್ ಚಾರ್ಜರ್ ಹಾಕುವ 6 ಆಂಪ್ ಸಣ್ಣ ಸಾಕೆಟ್ ಇದನ್ನು ತಾಳುವುದಿಲ್ಲ. ಗೀಸರ್‌ಗೆ ಹಾಕುವಂಥ 16 ಆಂಪ್ ಸಾಕೆಟ್ ಬೇಕು.

ಎರಡು, ಎಕ್ಸ್‌ಟೆನ್ಷನ್ ವೈರ್. 25 ಮೀಟರ್ ಉದ್ದದ, 0.5 ಚದರ ಮಿ.ಮೀ. ತೆಳು ವೈರಿನಲ್ಲಿ ಇಷ್ಟು ಕರೆಂಟ್ ಹರಿದರೆ ವೈರಿನಲ್ಲೇ ಸುಮಾರು 15 ವೋಲ್ಟ್ ಸೋರುತ್ತದೆ, ವೈರ್ ಬಿಸಿಯಾಗುತ್ತದೆ. 2.5 ಚದರ ಮಿ.ಮೀ. ತಾಮ್ರದ ವೈರ್ ಆದರೆ 3 ವೋಲ್ಟ್ ಮಾತ್ರ. ಸಂಜೆ ಹೊತ್ತು ವೋಲ್ಟೇಜ್ ಮೊದಲೇ ಕಡಿಮೆ ಇರುವ ಹಳ್ಳಿಯಲ್ಲಿ ಮೋಟಾರ್ ಸುಡುವುದೋ ಉಳಿಯುವುದೋ ಈ ವ್ಯತ್ಯಾಸದಲ್ಲೇ ತೀರ್ಮಾನವಾಗಬಹುದು.

ಮೂರು, ಮಳೆಯಲ್ಲಿ, ಒದ್ದೆ ನೆಲದಲ್ಲಿ ಬೇಡ. ಮೀಟರ್ ಬೋರ್ಡಿನಲ್ಲಿ ಇಎಲ್‌ಸಿಬಿ ಇರಲಿ.

ತೋಟದಲ್ಲಿ, ಮನೆಯಿಂದ ದೂರ ಕೆಲಸ ಇದ್ದರೆ ಪೆಟ್ರೋಲ್ ಮಿಷನ್ ಸರಿ. ನಮ್ಮ ಮಾಗಡಿಯ ಓದುಗರ ಬಿದ್ದ ಮಾವಿನ ಮರಕ್ಕೆ ಅದೇ ಬೇಕಾದೀತು.

ಫಾರ್ವರ್ಡ್ 4: "ಪೆಟ್ರೋಲ್ ಹಾಕಿ, ಎಳೆದು ಸ್ಟಾರ್ಟ್ ಮಾಡಿ, ಅಷ್ಟೇ"

ನಮ್ಮ ತೀರ್ಪು: ಅಷ್ಟೇ ಅಲ್ಲ.

ಪೆಟ್ರೋಲ್ ಚೈನ್‌ಸಾಗಳಲ್ಲಿ ಬಹುತೇಕ ಎಲ್ಲವೂ ಟೂ ಸ್ಟ್ರೋಕ್. ಹಳೆಯ ಸ್ಕೂಟರ್ ಓಡಿಸಿದವರಿಗೆ ನೆನಪಿರುತ್ತದೆ, ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಲೇಬೇಕು. ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದುಕೊಂಡು ಎಂಜಿನ್ ಹೋಗುತ್ತದೆ. ಕೈಪಿಡಿಯಲ್ಲಿ 50:1 ಎಂದಿದ್ದರೆ ಒಂದು ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಅಂದಾಜಿಗೆ ಸುರಿಯಬೇಡಿ.

ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಇಂಧನ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿದ್ದರೆ ಕಾರ್ಬುರೇಟರಿನೊಳಗಿನ ರಬ್ಬರ್ ಭಾಗಗಳು, ಪೈಪು ಹಾಳಾಗಬಹುದು. ದಿನಾ ಓಡುವ ಬೈಕಿಗೆ ಇದು ಅಷ್ಟು ತಟ್ಟುವುದಿಲ್ಲ, ವರ್ಷಕ್ಕೆ ನಾಲ್ಕು ಸಲ ಹೊರಬರುವ ಚೈನ್‌ಸಾಗೆ ತಟ್ಟುತ್ತದೆ. "ಹೋದ ವರ್ಷ ಚೆನ್ನಾಗಿತ್ತು, ಈಗ ಸ್ಟಾರ್ಟೇ ಆಗ್ತಿಲ್ಲ" ಎನ್ನುವ ದೂರಿಗೆ ಸಾಮಾನ್ಯ ಕಾರಣ ಇದೇ. ಇ20ಗೆ ಆಗುತ್ತದೆಯೇ ಎಂದು ಕೊಳ್ಳುವಾಗಲೇ ಕೈಪಿಡಿ ನೋಡಿ. ಬೇಕಾದಷ್ಟೇ ಬೆರೆಸಿ. ಎತ್ತಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ.

ಫಾರ್ವರ್ಡ್ 5: "ಚೈನಿಗೆ ಹಳೇ ಎಂಜಿನ್ ಆಯಿಲ್ ಸಾಕು, ದುಡ್ಡು ಉಳಿಸಿ"

ನಮ್ಮ ತೀರ್ಪು: ತಪ್ಪು.

ಚೈನ್ ಮತ್ತು ಬಾರ್ ನಡುವೆ ಉಜ್ಜಾಟ ತಡೆಯಲು ಬೇರೆ ಟ್ಯಾಂಕಿನಿಂದ ಎಣ್ಣೆ ಬೀಳುತ್ತಿರುತ್ತದೆ. ಅದು ಮತ್ತೆ ಟ್ಯಾಂಕಿಗೆ ಬರುವುದಿಲ್ಲ. ಮರದ ಹೊಟ್ಟಿನ ಮೇಲೆ, ನಿಮ್ಮ ಕೈ ಮೇಲೆ, ಉಸಿರಾಡುವ ಗಾಳಿಗೆ ಸಿಡಿಯುತ್ತದೆ. ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಆಯಿಲಿನಲ್ಲಿ ಲೋಹದ ಪುಡಿ ಇರುತ್ತದೆ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ. ಲೋಹದ ಪುಡಿ ಎಣ್ಣೆ ಪಂಪನ್ನು ಸವೆಸಿದರೆ ರಾಸಾಯನಿಕ ಚರ್ಮಕ್ಕೆ ಅಂಟುತ್ತದೆ. ಆ ಎಣ್ಣೆ ಕುಡಿದ ಸೌದೆಯನ್ನೇ ನೀವು ಒಲೆಗೆ ಇಡುತ್ತೀರಿ.

"ಹಾಗಾದರೆ ಮನೆ ಕೊಬ್ಬರಿ ಎಣ್ಣೆ?" ಎಂದು ಕೇಳುವವರಿದ್ದಾರೆ. ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಚೈನ್ ಆಯಿಲ್ ಹೊರದೇಶಗಳಲ್ಲಿ ಬಳಕೆಯಲ್ಲಿದೆ ನಿಜ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸಾವನದುರ್ಗದ ಸುತ್ತ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಸಣ್ಣ ಪಂಪಿನಲ್ಲಿ ಹರಿಯುವುದಿಲ್ಲ. ಅಂಟುಗುಣ ಇರುವ ಚೈನ್ ಆಯಿಲನ್ನೇ ಕೊಳ್ಳಿ. ಪೆಟ್ರೋಲ್ ತುಂಬುವಾಗಲೆಲ್ಲ ಅದನ್ನೂ ತುಂಬಿ.

ಫಾರ್ವರ್ಡ್ 6: "ನನ್ನ ಜಮೀನು, ನನ್ನ ಮರ, ಯಾರ ಪರ್ಮಿಷನ್ನೂ ಬೇಡ"

ನಮ್ಮ ತೀರ್ಪು: ಪೂರ್ತಿ ನಿಜವಲ್ಲ.

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯಲೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ತೆಂಗಿನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಈ ಪಟ್ಟಿ ತಿದ್ದುಪಡಿಯಾಗುತ್ತಿರುತ್ತದೆ. ಹಾಗಾಗಿ ಬೇರೆ ಮರವಾದರೆ, ಬಿದ್ದ ಮರವಾದರೂ, ವಲಯ ಅರಣ್ಯ ಕಚೇರಿಯಲ್ಲಿ ಒಮ್ಮೆ ಕೇಳಿ ಕೈ ಹಾಕುವುದು ಕ್ಷೇಮ. ಶ್ರೀಗಂಧ ಕಂಡರೆ ಮುಟ್ಟಲೇಬೇಡಿ.

ಕನಕಪುರದ ಸಂಗಮ, ಮೇಕೆದಾಟು ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿ ಕಾವೇರಿ ವನ್ಯಜೀವಿ ಧಾಮ ಇದೆ. ಅರಣ್ಯದೊಳಗೆ ಮರ ಕೊಯ್ದರೆ ಮರದ ಜೊತೆ ಮಿಷನ್ನು, ವಾಹನವನ್ನೂ ಜಪ್ತಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ಚನ್ನಪಟ್ಟಣದವರಿಗೆ ಗೊತ್ತಿರುವ ವಿಷಯವೂ ಇಲ್ಲಿದೆ. ಬೊಂಬೆ ಮಾಡುವ ಆಲೆ ಮರ ಒಲೆಗಿಂತ ಕಸುಬುದಾರರ ಕೈಗೆ ಹೋದರೆ ಬೆಲೆ ಹೆಚ್ಚು. ಕೊಯ್ಯುವ ಮುನ್ನ ಮರ ಯಾವುದೆಂದು ನೋಡಿ.

ಫಾರ್ವರ್ಡ್ 7: "ಚೈನ್‌ಸಾ ಕಂಡುಹಿಡಿದದ್ದು ಮರಕ್ಕಲ್ಲ, ಹೆರಿಗೆಗೆ!"

ನಮ್ಮ ತೀರ್ಪು: ಅರ್ಧ ನಿಜ.

ಇದು ಆಗಾಗ ಭಯಾನಕ ಚಿತ್ರದ ಜೊತೆ ಬರುತ್ತದೆ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ, ಹಲ್ಲುಗಳಿರುವ ಸಣ್ಣ ಸರಪಳಿಯನ್ನು ಶಸ್ತ್ರಚಿಕಿತ್ಸೆಗೆ ಬಳಕೆಗೆ ತಂದದ್ದು ನಿಜ. ಕಷ್ಟದ ಹೆರಿಗೆಯಲ್ಲಿ ಸೊಂಟದ ಮೂಳೆಯ ಸಂದು ಬಿಡಿಸಲು, ರೋಗ ತಗುಲಿದ ಮೂಳೆ ತೆಗೆಯಲು ಅದು ಬಳಕೆಯಾಯಿತು. ಆದರೆ ಅದಕ್ಕೆ ಎಂಜಿನ್ ಇರಲಿಲ್ಲ. ಎರಡು ತುದಿಗೆ ಹಿಡಿ ಇದ್ದ ಅದನ್ನು ಕೈಯಲ್ಲಿ ಆಚೀಚೆ ಎಳೆಯುತ್ತಿದ್ದರು. ಇಂದಿನ ಚೈನ್‌ಸಾದ ಚಿತ್ರ ಹಾಕಿ "ಇದರಲ್ಲೇ ಹೆರಿಗೆ ಮಾಡಿಸುತ್ತಿದ್ದರು" ಎನ್ನುವುದು ಸುಳ್ಳು. ಮರ ಕೊಯ್ಯುವ ಚೈನ್‌ಸಾ ಜನಪ್ರಿಯವಾಗುವ ದಾರಿ ತೆರೆದದ್ದು 20ನೇ ಶತಮಾನದಲ್ಲಿ. ಜರ್ಮನಿಯ ಆಂಡ್ರಿಯಾಸ್ ಷ್ಟೀಲ್ 1926ರಲ್ಲಿ ಕರೆಂಟಿನದು, 1929ರಲ್ಲಿ ಪೆಟ್ರೋಲಿನದು ಮಾಡಿದರು.

ಅಂಗಡಿಯಲ್ಲಿ ಏನು ನೋಡಬೇಕು?

- ಚೈನ್ ಬ್ರೇಕ್: ಮುಂದಕ್ಕೆ ತಳ್ಳಿದಾಗ ಚೈನ್ ಕೂಡಲೇ ನಿಲ್ಲಬೇಕು. ಅಂಗಡಿಯವರಿಂದಲೇ ಮಾಡಿಸಿ ತೋರಿಸಿಕೊಳ್ಳಿ.
- ಎಕ್ಸಲರೇಟರ್ ಲಾಕ್: ಹಿಡಿಯ ಮೇಲಿನ ಗುಂಡಿಯನ್ನೂ ಒತ್ತಿದರೆ ಮಾತ್ರ ಟ್ರಿಗರ್ ಕೆಲಸ ಮಾಡಬೇಕು.
- ತೂಕ: ಕೈಗೆತ್ತಿಕೊಂಡು ಎರಡು ನಿಮಿಷ ಹಿಡಿದು ನೋಡಿ. ಮನೆಯಲ್ಲಿ ಯಾರು ಬಳಸುತ್ತಾರೋ ಅವರೇ ಹಿಡಿದು ನೋಡಲಿ.
- ಚೈನಿನ ಮೂರು ಅಳತೆ: ಪಿಚ್, ಗೇಜ್, ಲಿಂಕ್‌ಗಳ ಸಂಖ್ಯೆ. ಬರೆದುಕೊಳ್ಳಿ. ಆ ಚೈನ್ ನಿಮ್ಮ ಊರಿನ ಪೇಟೆಯಲ್ಲಿ ಸಿಗುತ್ತದೆಯೇ ಕೇಳಿ.
- ಸರ್ವಿಸ್: ರಾಮನಗರದಲ್ಲೋ ಕನಕಪುರದಲ್ಲೋ ರಿಪೇರಿ ಮಾಡುವವರು ಇದ್ದಾರೆಯೇ? ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಉಳಿಸಿ, ಸ್ಪೇರ್ ಸಿಗದೆ ಮೂಲೆಗಿಟ್ಟರೆ ಅದು ಉಳಿತಾಯವಲ್ಲ.
- ಸಬ್ಸಿಡಿ: ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೊಳ್ಳುವ ಮೊದಲೇ ಕೇಳಿ. ಕೊಂಡಮೇಲೆ ಬಿಲ್ ಹಿಡಿದು ಹೋದರೆ ಪ್ರಯೋಜನವಾಗದಿರಬಹುದು.

ಮಿಷನ್ನಿನ ಜೊತೆಗೇ ಅದರ ಅಳತೆಯ ಉರುಟು ಅರವನ್ನೂ ಕೊಳ್ಳಿ. ಚಿಕ್ಕ ಮಿಷನ್‌ಗಳಲ್ಲಿ ಸಾಮಾನ್ಯವಾದ 3/8 ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ. ಅರ, .325 ಪಿಚ್‌ಗೆ 4.8 ಮಿ.ಮೀ. ಹರಿತ ಇದ್ದರೆ ಹೊಟ್ಟು ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಹಿಟ್ಟಿನಂತೆ ಉದುರಿದರೆ ಮೊಂಡಾಗಿದೆ ಎಂದರ್ಥ. ಮೊಂಡಾದ ಚೈನನ್ನು ಒತ್ತಿ ಒತ್ತಿ ಕೊಯ್ಯುವುದು ಅಪಾಯ. ಹುಣಸೆಯ ಚೇಗು, ತೆಂಗಿನ ಮೊದ್ದು, ಮಣ್ಣು ಮೆತ್ತಿದ ತೊಗಟೆ ಬೇಗ ಮೊಂಡು ಮಾಡುತ್ತವೆ. ದಿಮ್ಮಿಯನ್ನು ನೆಲದಿಂದ ಎತ್ತಿ, ಅಡಿಗೆ ಎರಡು ಕೊರಡು ಕೊಟ್ಟು ಕೊಯ್ಯಿರಿ.

ಮಿಷನ್‌ನಷ್ಟೇ ಮುಖ್ಯವಾದ ಖರ್ಚು

ಲುಂಗಿ, ಪಂಚೆ, ಹೆಗಲ ಮೇಲಿನ ಟವೆಲ್, ಹವಾಯಿ ಚಪ್ಪಲಿ ಬೇಡ. ದಪ್ಪ ಪ್ಯಾಂಟು, ಶೂ, ಕಣ್ಣಿಗೆ ಕನ್ನಡಕ, ಕಿವಿಗೆ ಇಯರ್ ಮಫ್ ಇರಲಿ. ಪೆಟ್ರೋಲ್ ಚೈನ್‌ಸಾದ ಸದ್ದು 100 ಡೆಸಿಬಲ್ ದಾಟುತ್ತದೆ. 100 ಡೆಸಿಬಲ್ಲಿನಲ್ಲಿ ಬರಿಕಿವಿಗೆ ದಿನಕ್ಕೆ 15 ನಿಮಿಷವೇ ಮಿತಿ ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್. ಹೋದ ಕಿವಿ ಮರಳಿ ಬರುವುದಿಲ್ಲ. ಒಬ್ಬರೇ ಕೆಲಸ ಮಾಡಬೇಡಿ, ಮಕ್ಕಳನ್ನು ದೂರ ಇರಿಸಿ, ಮರ ಹತ್ತಿ ಚೈನ್‌ಸಾ ಬಳಸಬೇಡಿ, ಭುಜಕ್ಕಿಂತ ಮೇಲೆ ಎತ್ತಬೇಡಿ. ನಿಂತ ಮರ ಕೆಡವುವುದು ಬೇರೆಯೇ ಕಸುಬು, ಅದನ್ನು ಬಲ್ಲವರಿಗೇ ಬಿಡಿ.

ನಮ್ಮ ಉತ್ತರ

ವರ್ಷಕ್ಕೆ ಒಂದೆರಡು ಮರದ ಕೆಲಸ ಮಾತ್ರ ಇದ್ದರೆ ಮಿಷನ್ ಇರುವವರನ್ನು ದಿನದ ಬಾಡಿಗೆಗೆ ಕರೆಸುವುದೇ ಅಗ್ಗ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ವಿಚಾರಿಸಬಹುದು. ಹಿಪ್ಪುನೇರಳೆ ಕಡ್ಡಿ, ಸಣ್ಣ ಕೊಂಬೆಗೆ ಮಚ್ಚು, ಕೈಗರಗಸ ಸಾಕು. ಹಿತ್ತಲಲ್ಲೇ ಕೆಲಸವಾದರೆ 16 ಆಂಪ್ ಸಾಕೆಟ್ಟಿನ ಕರೆಂಟ್ ಮಿಷನ್, ತೋಟದಲ್ಲಾದರೆ 30ರಿಂದ 40 ಸಿಸಿ, 14ರಿಂದ 16 ಇಂಚಿನ ಪೆಟ್ರೋಲ್ ಮಿಷನ್. ಎರಡರಲ್ಲೂ ಚೈನ್ ಬ್ರೇಕ್ ಕಡ್ಡಾಯ.

ಚೈನ್‌ಸಾ ಮಾಡುವುದು ತುಂಡು ಮಾತ್ರ. ಸೀಳಲು ಕೊಡಲಿ, ಬೆಣೆ ಬೇಕೇ ಬೇಕು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಸೀಳಿ, ಮಳೆ ತಾಗದಂತೆ ಗಾಳಿಯಾಡುವಲ್ಲಿ ಕೆಲವು ತಿಂಗಳು ಒಣಗಿಸಿದರೆ ಹೊಗೆ ಕಡಿಮೆ, ಶಾಖ ಹೆಚ್ಚು, ಒಲೆ ಊದುವವರ ಕಣ್ಣಿಗೂ ಎದೆಗೂ ನೆಮ್ಮದಿ.

ಗ್ರೈಂಡರ್ ಡಿಸ್ಕ್ ವಿಡಿಯೋ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಅದರ ಕೆಳಗೆ ಒಂದೇ ಸಾಲು ಬರೆಯಿರಿ: "ಇದರಲ್ಲಿ ಚೈನ್ ಬ್ರೇಕ್ ಎಲ್ಲಿದೆ?"